ಕಾರು ತಾಗಿ ಬಿದ್ದ ಸೈಕಲ್ ಸವಾರ ಎದ್ದು ನಿಂತ ಮೇಲೆ

ಕಾರು ತಾಗಿ ಉರುಳಿದ ಸೈಕಲ್ ಸವಾರ ಹಲವು ಬಾರಿ ತಾನಾಗಿಯೇ ಎದ್ದು ನಿಲ್ಲುತ್ತಾನೆ, ಅಂಗಿಗೆ ಹತ್ತಿದ ಮಣ್ಣು ಕೊಡವಿಕೊಂಡು "ಏನೂ ಆಗಿಲ್ಲ" ಎನ್ನುತ್ತಾನೆ, ಸೇರಿದ ಜನರೂ ಸಮಾಧಾನಗೊಂಡು ಚದುರುತ್ತಾರೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಂಗಳೂರಿನ ನಂತೂರಿನಿಂದ ಉಡುಪಿಯ ಸಂತೆಕಟ್ಟೆಯವರೆಗೆ ರಸ್ತೆ ದಾಟುವ ಯಾವ ಜಾಗದಲ್ಲಾದರೂ ಇದು ನಡೆಯಬಹುದು. ಬೈಕಂಪಾಡಿಯ ಕಾರ್ಖಾನೆಗೆ ಹೊರಟ ಕಾರ್ಮಿಕ, ನಸುಕಿನಲ್ಲಿ ಸೊಸೈಟಿಗೆ ಹಾಲು ಒಯ್ಯುವ ಹಿರಿಯರು, ಶಾಲೆಯ ಮಕ್ಕಳು ಎಲ್ಲರೂ ಈ ಹೆದ್ದಾರಿಯನ್ನು ಸೈಕಲ್ಲಿನಲ್ಲೇ ದಾಟುತ್ತಾರೆ. ಆದರೆ ಅಪಘಾತವಾದ ಮೊದಲ ಕೆಲವು ಗಂಟೆಗಳಲ್ಲಿ ಗಾಯಾಳು ತನ್ನ ದೇಹದ ಬಗ್ಗೆ ಹೇಳುವ ಮಾತನ್ನು ನಂಬುವಂತಿಲ್ಲ. ಅವನು ಸುಳ್ಳು ಹೇಳುತ್ತಿರುವುದಿಲ್ಲ, ಅವನ ದೇಹವೇ ಅವನಿಗೆ ನಿಜವನ್ನು ತಿಳಿಸಿರುವುದಿಲ್ಲ.

ಪೆಟ್ಟಿನ ಪ್ರಮಾಣವನ್ನು ಮೊದಲು ಅರಿಯೋಣ. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್; ಸುಮಾರು 5 ಮೀಟರ್ ಎತ್ತರದಿಂದ ಬಿದ್ದವರು ನೆಲ ಮುಟ್ಟುವಾಗ ಇರುವ ವೇಗವೂ ಇಷ್ಟೇ. ವೇಗ ಗಂಟೆಗೆ 72 ಕಿಲೋಮೀಟರ್ ಆದರೆ ಎತ್ತರ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ, ಏಕೆಂದರೆ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದು ಎತ್ತರದ ತೆಂಗಿನ ಮರದ ತುದಿಯಿಂದ ಬಿದ್ದಂತೆ. ಕಾರಿನ ವೇಗವೆಲ್ಲ ಸವಾರನಿಗೆ ವರ್ಗವಾಗದಿರಬಹುದು, ಆದರೆ ಅವನಿಗೆ ಬೀಳುವ ಪೆಟ್ಟು ಒಂದಲ್ಲ: ಬಂಪರು ಕಾಲಿಗೆ, ಬಾನೆಟ್ಟು ಅಥವಾ ಗಾಜು ಸೊಂಟಕ್ಕೂ ತಲೆಗೂ, ಕೊನೆಗೆ ಡಾಂಬರು ಮತ್ತೊಮ್ಮೆ ತಲೆಗೆ.

ಇಷ್ಟಾದರೂ ನೋವು ತಿಳಿಯದಿರುವುದಕ್ಕೆ ಕಾರಣವಿದೆ. ಅಪಾಯದ ಕ್ಷಣದಲ್ಲಿ ಅಡ್ರಿನಲಿನ್ ರಕ್ತಕ್ಕೆ ಸೇರಿ ಹೃದಯದ ಬಡಿತವನ್ನು ಏರಿಸುತ್ತದೆ, ಮೆದುಳೇ ಬಿಡುಗಡೆ ಮಾಡುವ ಎಂಡಾರ್ಫಿನ್‌ಗಳು ನೋವನ್ನು ತಗ್ಗಿಸುತ್ತವೆ. ರಕ್ತಸ್ರಾವದ ವಿಷಯದಲ್ಲಿ ಈ ಮರೆಮಾಚುವಿಕೆ ಇನ್ನೂ ಅಪಾಯಕಾರಿ. ವಯಸ್ಕರಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅದರ ಶೇಕಡಾ 30ರ ಸಮೀಪದವರೆಗೆ ನಷ್ಟವಾದರೂ ಚರ್ಮದ ರಕ್ತನಾಳಗಳು ಸಂಕುಚಿತಗೊಂಡು ರಕ್ತದೊತ್ತಡವನ್ನು ಬಹುಮಟ್ಟಿಗೆ ಹಿಡಿದಿಡಬಲ್ಲವು. ತೊಡೆಯ ಮೂಳೆ ಮುರಿದರೆ ಹೊರಗೆ ಒಂದು ಹನಿಯೂ ಕಾಣದೆ ಒಂದು ಲೀಟರಿಗಿಂತ ಹೆಚ್ಚು ರಕ್ತ ಒಳಗೇ ಸೋರಬಹುದು. ಆದ್ದರಿಂದ ತಣ್ಣಗೆ ಬೆವರಿದ ಚರ್ಮ, ವೇಗದ ನಾಡಿ, ಕಾರಣವಿಲ್ಲದ ಚಡಪಡಿಕೆ ಕಂಡರೆ ಗಾಯಾಳು ಎಷ್ಟೇ ಧೈರ್ಯದಿಂದ ಮಾತನಾಡಿದರೂ ಆಸ್ಪತ್ರೆಗೆ ಒಯ್ಯಲೇಬೇಕು.

ಸ್ಥಳದಲ್ಲಿರುವವರ ಮೊದಲ ಕೆಲಸ ಹಿಂದಿನಿಂದ ಬರುವ ವಾಹನಗಳನ್ನು ತಡೆಯುವುದು. ಮಳೆಗಾಲದಲ್ಲಂತೂ ರಸ್ತೆಯಲ್ಲಿ ಮಲಗಿರುವವರು ಚಾಲಕರಿಗೆ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಜೊತೆಗೇ 108 ಅಥವಾ 112ಕ್ಕೆ ಕರೆ ಹೋಗಬೇಕು. ಕೈಕಾಲು ಹಿಡಿದೆತ್ತಿ ರಿಕ್ಷಾದಲ್ಲಿ ಮುದುಡಿಸಿ ಕೂರಿಸುವುದು ಪ್ರೀತಿಯಿಂದಲೇ ನಡೆಯುವ ಕೆಲಸ, ಆದರೆ ಕತ್ತಿನ ಮೂಳೆ ಮುರಿದಿದ್ದರೆ ಅದೇ ಎಳೆತ ಬೆನ್ನುಹುರಿಯನ್ನು ಶಾಶ್ವತವಾಗಿ ಘಾಸಿಗೊಳಿಸಬಲ್ಲದು. ಪ್ರಜ್ಞೆ ತಪ್ಪಿ ವಾಂತಿಯಾಗುತ್ತಿದ್ದರೆ ಮಾತ್ರ ತಲೆ, ಕತ್ತು, ಮೈ ಒಂದೇ ನೇರದಲ್ಲಿರುವಂತೆ ಮಗ್ಗುಲಿಗೆ ಹೊರಳಿಸಬೇಕು, ಉಸಿರಿನ ದಾರಿ ಉಳಿದೆಲ್ಲಕ್ಕಿಂತ ಮುಖ್ಯ. ರಕ್ತ ಹರಿಯುವಲ್ಲಿ ಶುಭ್ರ ಬಟ್ಟೆಯಿಟ್ಟು ಬಿಡದೆ ಒತ್ತಿ ಹಿಡಿಯಿರಿ. ಬಟ್ಟೆ ತೊಯ್ದರೆ ತೆಗೆಯದೆ ಅದರ ಮೇಲೆಯೇ ಇನ್ನೊಂದನ್ನಿಡಿ. ನೀರು ಅಥವಾ ಸೋಡಾ ಕುಡಿಸಬೇಡಿ. ಅದು ಶ್ವಾಸಕೋಶಕ್ಕೆ ಇಳಿಯಬಹುದು, ತುರ್ತು ಶಸ್ತ್ರಚಿಕಿತ್ಸೆಯ ಅರಿವಳಿಕೆಗೂ ತೊಡಕಾಗಬಹುದು.

ನನ್ನನ್ನು ಅತಿ ಹೆಚ್ಚು ಕಾಡುವುದು ತಲೆಯ ಪೆಟ್ಟು. ಕಿವಿಯ ಮುಂದೆ, ಹಣೆಯ ಪಕ್ಕದಲ್ಲಿ ತಲೆಬುರುಡೆ ಬಹಳ ತೆಳ್ಳಗಿದ್ದು, ಅದರ ಒಳಮೈಯಲ್ಲೇ ಒಂದು ಅಪಧಮನಿ ಹಾದುಹೋಗುತ್ತದೆ. ಅಲ್ಲಿ ಮೂಳೆ ಬಿರಿದು ಅಪಧಮನಿ ಹರಿದರೆ ರಕ್ತವು ಬುರುಡೆಗೂ ಮೆದುಳಿನ ಹೊದಿಕೆಗೂ ನಡುವೆ ಶೇಖರವಾಗತೊಡಗುತ್ತದೆ. ಕ್ಷಣಕಾಲ ಪ್ರಜ್ಞೆ ತಪ್ಪಿದವರು ಎಚ್ಚೆತ್ತು, ಮನೆಗೆ ನಡೆದು, ಊಟ ಮಾಡಿ, ಕೆಲವು ಗಂಟೆ ಪೂರ್ತಿ ಸರಿಯಾಗಿಯೇ ಇರಬಲ್ಲರು. ಅಷ್ಟರಲ್ಲಿ ಶೇಖರವಾದ ರಕ್ತ ಮೆದುಳನ್ನು ಒತ್ತಿ, ಮಂಪರು ಕವಿದು, ಉಸಿರೇ ನಿಲ್ಲುವ ಹಂತ ಬರಬಹುದು. ಸಕಾಲದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿ ರಕ್ತ ತೆಗೆದರೆ ಬಹಳಷ್ಟು ಮಂದಿ ಪೂರ್ತಿ ಚೇತರಿಸಿಕೊಳ್ಳುತ್ತಾರೆ, ಹಾಗಾಗಿ ಇಲ್ಲಿ ಕಳೆದುಕೊಂಡ ಸಮಯ ಬಹಳ ದುಬಾರಿ. ವೈದ್ಯರು ಮನೆಗೆ ಕಳುಹಿಸಿದರೂ ಮೊದಲ 24 ಗಂಟೆ ಒಬ್ಬರು ಜೊತೆಗಿರಬೇಕು. ಹೆಚ್ಚುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ನಿದ್ದೆ, ತೊದಲು ಮಾತು, ಒಂದು ಕಣ್ಣಿನ ಪಾಪೆ ಮಾತ್ರ ದೊಡ್ಡದಾಗುವುದು, ಮೂಗು ಅಥವಾ ಕಿವಿಯಿಂದ ತಿಳಿನೀರು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಹೊರಡಬೇಕು. ವಯಸ್ಸಾದವರಲ್ಲಿ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಲ್ಲಿ, ಸಣ್ಣ ಅಭಿಧಮನಿಯಿಂದ ರಕ್ತ ನಿಧಾನವಾಗಿ ಜಿನುಗಿ, ಲಕ್ಷಣಗಳು ವಾರಗಳ ನಂತರ ತೋರುವುದೂ ಉಂಟು.

ಮಕ್ಕಳಲ್ಲಿ ಹೊಟ್ಟೆಯನ್ನೂ ಮರೆಯಬಾರದು. ಹ್ಯಾಂಡಲಿನ ತುದಿ ಹೊಟ್ಟೆಗೆ ಒತ್ತಿದಾಗ ಹೊರಗೆ ನಾಣ್ಯದಷ್ಟು ಗುರುತು ಉಳಿಯಬಹುದು, ಆದರೆ ಒಳಗೆ ಗುಲ್ಮ, ಯಕೃತ್ತು ಅಥವಾ ಮೇದೋಜೀರಕ ಗ್ರಂಥಿ ಸೀಳಿರಬಹುದು, ಅದರ ಸುಳಿವು ಸಿಗಲು ಒಂದೆರಡು ದಿನಗಳೇ ಹಿಡಿಯಬಹುದು.

ಪೊಲೀಸ್ ಗೋಜಿಗೆ ಹೆದರಿ ಆಸ್ಪತ್ರೆಯಲ್ಲಿ "ಸೈಕಲಿನಿಂದ ಬಿದ್ದದ್ದು" ಎಂದಷ್ಟೇ ಹೇಳುವವರಿದ್ದಾರೆ. ಇದು ಎರಡು ಬಗೆಯಲ್ಲಿ ಹಾನಿ. ಕಾರು ಗುದ್ದಿದ್ದು ಗೊತ್ತಾದರೆ ವೈದ್ಯರು ಹುಡುಕುವ ಗಾಯಗಳೇ ಬೇರೆ. ಅಪಘಾತವೆಂದು ದಾಖಲಾಗದಿದ್ದರೆ ಪರಿಹಾರದ ಹಾದಿಯೂ ಕಠಿಣವಾಗುತ್ತದೆ. ನೆರವಾದವರಿಗಂತೂ ಭಯಕ್ಕೆ ಕಾರಣವೇ ಇಲ್ಲ: 2016ರ ಸುಪ್ರೀಂ ಕೋರ್ಟ್ ತೀರ್ಪು ಮತ್ತು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ ಅವರಿಗೆ ರಕ್ಷಣೆ ನೀಡುತ್ತವೆ, ಹೆಸರು ಹೇಳುವಂತೆ ಬಲವಂತ ಮಾಡುವಂತಿಲ್ಲ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಕರ್ತವ್ಯವೆಂದು 134ನೇ ಕಲಂ ಹೇಳುತ್ತದೆ. ಮೇ 2025ರಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ಅಪಘಾತವಾದ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ತನಕದ ಚಿಕಿತ್ಸೆ ನಗದುರಹಿತವಾಗಿ ಸಿಗಬೇಕು. ಆಸ್ಪತ್ರೆಗೆ ದಾಖಲಿಸುವಾಗಲೇ ಇದನ್ನು ಕೇಳಿ.

ಕಾರಿನ ಸಂಖ್ಯೆ, ನಿಂತ ಜಾಗ, ಬ್ರೇಕಿನ ಗುರುತುಗಳ ಫೋಟೋವನ್ನು ಮಳೆ ತೊಳೆದುಹಾಕುವ ಮುನ್ನ ತೆಗೆದಿಡಬೇಕು. ಸೈಕಲನ್ನು ಪೊಲೀಸರ ಪರಿಶೀಲನೆ ಮುಗಿಯುವವರೆಗೆ ರಿಪೇರಿಗೆ ಕೊಡಬಾರದು. ಹೆಲ್ಮೆಟ್ ಧರಿಸಿದ್ದರೆ, ಅದರೊಳಗಿನ ಫೋಮ್ ತಾನು ಕುಸಿಯುವ ಮೂಲಕವೇ ಪೆಟ್ಟನ್ನು ಹೀರಿಕೊಂಡಿರುತ್ತದೆ, ಮತ್ತೆ ಉಬ್ಬುವುದಿಲ್ಲ. ಹೊರಚಿಪ್ಪು ನುಣುಪಾಗಿಯೇ ಕಂಡರೂ ಅದನ್ನು ಪುರಾವೆಯಾಗಿ ಎತ್ತಿಟ್ಟು, ತಲೆಗೆ ಹೊಸದನ್ನು ಕೊಳ್ಳಬೇಕು.