ಹಿಮಯುಗದ ದಡ ನಿಂತಲ್ಲೇ ನಿಂತ ಜಾಗ

ಹಿಮಯುಗದಲ್ಲಿ ಸಮುದ್ರ ಸುಮಾರು 120 ಮೀಟರ್ ಕೆಳಗಿತ್ತು, ಅಂದಿನ ದಡವೆಲ್ಲ ಮುಳುಗಿಹೋಗಿದೆ, ಇನ್ನೇನು ಅಗೆಯುತ್ತೀರಿ ಎಂದು ಕೇಳುವವರಿದ್ದಾರೆ. ಈ ಲೆಕ್ಕದಲ್ಲಿ ನೀರು ಮಾತ್ರ ಇದೆ, ನೆಲ ಇಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಕರಾವಳಿಯಲ್ಲಿ ಎರಡೂ ಏರಿಳಿದಿವೆ.

ಈ ಕರಾವಳಿಯಾಚೆಯ ಹೈಡಾ ಗ್ವಾಯ್ ದ್ವೀಪಗಳಲ್ಲಿ ಉತ್ಖನನ ಮಾಡಿದ್ದ ಪುರಾತತ್ತ್ವಜ್ಞ ಕ್ನೂಟ್ ಫ್ಲ್ಯಾಡ್‌ಮಾರ್ಕ್ 1979ರಲ್ಲಿ ಒಂದು ವಾದ ಮುಂದಿಟ್ಟರು. ಅಮೆರಿಕಕ್ಕೆ ಮೊದಲ ಜನ ಹಿಮಗೋಡೆಗಳ ನಡುವಿನ ಒಳನಾಡ ಓಣಿಯಲ್ಲಿ ನಡೆದು ಬರುವ ಬದಲು ಕರಾವಳಿಗುಂಟ ದೋಣಿಯಲ್ಲಿ ಬಂದಿರಬಹುದು ಎಂದರು. ಸರಿ, ಸಾಕ್ಷಿ ಹುಡುಕುವುದೆಲ್ಲಿ?

ಬಿಸಿ ರಾಗಿಮುದ್ದೆಗೆ ಸಾರು ಹಾಕಿಕೊಳ್ಳಲು ಗುಳಿ ಒತ್ತುತ್ತೇವಲ್ಲ, ಆಗ ಸುತ್ತಲಿನ ಅಂಚು ಉಬ್ಬುತ್ತದೆ. ಹಿಮದ ಭಾರಕ್ಕೆ ಮುಖ್ಯಭೂಮಿ ಗುಳಿಯಂತೆ ಕುಸಿಯಿತು, ಹೈಡಾ ಗ್ವಾಯ್ ಅಂಚಿನಂತೆ ಉಬ್ಬಿತು. ಮುದ್ದೆ ಮರಳಿ ಮೇಲೇಳುವುದಿಲ್ಲ, ಭೂಮಿ ಏಳುತ್ತದೆ. ಸಾವಿರಾರು ವರ್ಷ ಹಿಡಿದು, ನಿಧಾನವಾಗಿ. ಹೀಗಾಗಿ ಹಿಮ ಕರಗುವ ಕಾಲದ ದಡ ಮುಖ್ಯಭೂಮಿಯ ಕಿಟಿಮಾಟ್ ಕಡೆ ಇಂದಿಗಿಂತ ಸುಮಾರು 200 ಮೀಟರ್ ಮೇಲೆ, ಹೈಡಾ ಗ್ವಾಯ್ ಕಡೆ ಸುಮಾರು 150 ಮೀಟರ್ ಕೆಳಗೆ. ಏತದ ಒಂದು ತುದಿ ಏರಿ ಇನ್ನೊಂದು ಇಳಿದರೂ ನಡುಗಂಬದ ಬಳಿ ಮರ ಹೆಚ್ಚು ಅಲುಗುವುದಿಲ್ಲ. ಆ ನಡುಗಂಬ ಕ್ಯಾಲ್ವರ್ಟ್ ದ್ವೀಪದ ಸುತ್ತಮುತ್ತ ಇದೆ. ಅಂದಿನ ದಡ ಅಲ್ಲಿ ಇಂದಿನ ದಡದ ಹತ್ತಿರವೇ ಇದೆ, ಹುಡುಕಬೇಕಾದ್ದು ಅಲ್ಲೇ.

ಅಂದಿನ ಸಮುದ್ರಮಟ್ಟವನ್ನು ಕಂಡುಕೊಳ್ಳುವುದು ದಡದ ಸಣ್ಣ ಕೆರೆಗಳಿಂದ. ತಳಕ್ಕೆ ಕೊಳವೆ ಇಳಿಸಿ ಕೆಸರಿನ ಪದರಗಳನ್ನು ಕದಡದೆ ಎತ್ತುತ್ತಾರೆ. ಕೆಳಪದರದಲ್ಲಿ ಉಪ್ಪುನೀರಿನ ಡಯಾಟಂ ಎಂಬ ಸೂಕ್ಷ್ಮ ಪಾಚಿ, ಮೇಲೆ ಸಿಹಿನೀರಿನವು ಸಿಕ್ಕರೆ, ಸಮುದ್ರ ಕೆರೆಯ ಕೋಡಿಗಿಂತ ಕೆಳಗಿಳಿದ ಗಳಿಗೆ ಆ ಗಡಿಯಲ್ಲಿದೆ. ಅಲ್ಲಿನ ಕಡ್ಡಿಯನ್ನೋ ಬೀಜವನ್ನೋ ವಯಸ್ಸು ತಿಳಿಯಲು ರೇಡಿಯೋಕಾರ್ಬನ್ ಪರೀಕ್ಷೆಗೆ ಕಳಿಸಿ, ಕೋಡಿಯ ಎತ್ತರ ಅಳೆದರೆ ಆ ಕಾಲದ ಸಮುದ್ರಮಟ್ಟದ ಒಂದು ಬಿಂದು ಸಿಕ್ಕಿತು. ಕೋಡಿ ಸವೆದಿದ್ದರೆ ಲೆಕ್ಕ ಕೆಟ್ಟಿತು, ಅದಕ್ಕೇ ಗಟ್ಟಿ ಬಂಡೆಯ ಕೋಡಿಯನ್ನೇ ಆರಿಸುತ್ತಾರೆ.

ಚಿಪ್ಪನ್ನು ಕಾಲ ನಿರ್ಣಯಕ್ಕೆ ಹಾಗೇ ನಂಬಬಾರದು. ಇಲ್ಲಿ ಆಳದ ಹಳೇ ನೀರು ಮೇಲೆ ಬರುತ್ತದೆ. ಅದರ ಕಾರ್ಬನ್ ಉಂಡ ಬಳಚು ಸುಮಾರು 800 ವರ್ಷ ಹೆಚ್ಚು ವಯಸ್ಸು ತೋರಿಸುತ್ತದೆ. ಆದರೂ ಜನ ತಿಂದೆಸೆದ ಚಿಪ್ಪಿನ ತಿಪ್ಪೆ ಚಿನ್ನವೇ. ಮಳೆಕಾಡಿನ ಹುಳಿಮಣ್ಣು ಎಲುಬನ್ನು ಕರಗಿಸಿಬಿಡುತ್ತದೆ, ಚಿಪ್ಪಿನ ಸುಣ್ಣ ಆ ಹುಳಿಯನ್ನು ಮುರಿದು ಮೀನಿನ ಮುಳ್ಳನ್ನೂ ಉಳಿಸುತ್ತದೆ.

ಹಿಮಯುಗದಲ್ಲೂ ಹೆಪ್ಪುಗಟ್ಟದ ಒಂದು ಪಟ್ಟಿ ನೆಲವಿತ್ತು, ಹಿರಿಯರು ಅಲ್ಲಿ ಬದುಕುಳಿದರು ಎಂದು ಇಲ್ಲಿನ ಹೈಲ್ಟ್‌ಸುಕ್ ಮೂಲನಿವಾಸಿಗಳು ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಅವರ ನೆಲವಾದ ಟ್ರಿಕೆಟ್ ದ್ವೀಪದ ಒಲೆಯ ಇದ್ದಿಲಿಗೆ ಸುಮಾರು 14,000 ವರ್ಷ. ಬಾಯಿಮಾತನ್ನು ಮೂಢನಂಬಿಕೆಯ ಗಂಟಿಗೆ ಸೇರಿಸುವ ಅವಸರ ನಮ್ಮಲ್ಲೂ ಇದೆ. ಅದು ವಿಜ್ಞಾನದ ದಾರಿಯಲ್ಲ, ಅಗೆದು ನೋಡುವುದು ವಿಜ್ಞಾನ.

ಕ್ಯಾಲ್ವರ್ಟ್‌ನ ದಡದಲ್ಲಿ ಇಳಿತದ ಹೊತ್ತಿಗಷ್ಟೇ ಕೆಲಸ, ಭರತ ಬಂದರೆ ಗುಂಡಿ ತುಂಬುತ್ತದೆ. ಅಲ್ಲಿ ಕಪ್ಪು ಮರಳನ್ನು ಬಿಡಿಸಿದಾಗ ತಿಳಿಕಂದು ಜೇಡಿಯಲ್ಲಿ 29 ಹೆಜ್ಜೆಗಳು ಕಂಡವು. 2018ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಅವು ಸುಮಾರು 13,000 ವರ್ಷ ಹಿಂದಿನವು. ಬರಿಗಾಲು. ಕೆಲವದರಲ್ಲಿ ಬೆರಳೂ ಸ್ಪಷ್ಟ, ಒಂದಷ್ಟು ಮಗುವಿನ ಅಳತೆಯವು.