ಘಟ್ಟದ ಹಳ್ಳಿಗಳ ಬಸ್ಸು ಯಾಕೆ ನಿಲ್ಲುತ್ತದೆ?

ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ಕಡೆಯ ಒಳದಾರಿಗಳಲ್ಲಿ ಬಸ್ಸೆಂದರೆ ಬಹುಕಾಲ ಖಾಸಗಿ ಬಸ್ಸೇ. ಬಯಲುಸೀಮೆಯ ಹಳ್ಳಿಗೆ ಬರುವುದು ಹೆಚ್ಚಾಗಿ ಕೆಂಪು ಬಸ್ಸು. ಈ ವ್ಯತ್ಯಾಸ ತಾನಾಗಿ ಬಂದದ್ದಲ್ಲ.

ಬಸ್ಸಿಗೆ ಪರ್ಮಿಟ್ ಬೇಕೆಂದು 1939ರ ಮೋಟಾರು ವಾಹನ ಕಾಯ್ದೆಯಲ್ಲೇ ಇತ್ತು. ಮೈಸೂರು ಸರ್ಕಾರ 1948ರಲ್ಲಿ 120 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ಶುರುಮಾಡಿತು, 1961ರಲ್ಲಿ ಅದು ನಿಗಮವಾಯಿತು. ಈ ನಡುವೆ 1956ರ ತಿದ್ದುಪಡಿಯಿಂದ, ಇಂಥ ಮಾರ್ಗ ಸರ್ಕಾರಿ ಬಸ್ಸಿಗೇ ಮೀಸಲು ಎಂದು ಘೋಷಿಸುವ ದಾರಿ ತೆರೆಯಿತು. ಹಾಗೆ ಘೋಷಿಸಿದ ಕಡೆ ಖಾಸಗಿಯವರು ಹಿಂದೆ ಸರಿದರು. ಮಲೆನಾಡಿನ ಒಳದಾರಿಗಳಲ್ಲಿ ಬಹಳಷ್ಟು ಖಾಸಗಿಯವರ ಕೈಯಲ್ಲೇ ಉಳಿದವು.

ಒಳದಾರಿಯ ಲೆಕ್ಕವೇ ಬೇರೆ. ಮನೆಗಳು ತೋಟದ ನಡುವೆ ಚದುರಿರುತ್ತವೆ. ಬೆಳಿಗ್ಗೆ ಪೇಟೆಗೆ ಹೋಗುವ ಟ್ರಿಪ್ ತುಂಬುತ್ತದೆ, ಅದೇ ಬಸ್ಸು ಹನ್ನೊಂದು ಗಂಟೆಗೆ ವಾಪಸು ಬರುವಾಗ ಸೀಟು ಖಾಲಿ. ಸಂಜೆ ಇದರ ತಿರುಗುಮುರುಗು. ಅಂದರೆ ಎರಡು ಟ್ರಿಪ್ಪಿನ ಡೀಸೆಲ್ಲಿಗೆ ಒಂದೇ ಟ್ರಿಪ್ಪಿನ ಕಲೆಕ್ಷನ್. ಹಾಲ್ಟ್ ಬಸ್ ಹುಟ್ಟಿದ್ದು ಈ ಲೆಕ್ಕದಿಂದಲೇ: ರಾತ್ರಿಯ ಕೊನೆಯ ಟ್ರಿಪ್ ಹಳ್ಳಿಯಲ್ಲೇ ತಂಗಿದರೆ ಖಾಲಿ ಬಸ್ಸು ಪೇಟೆಗೆ ಮರಳಿ ಬೆಳಗಾಗುವ ಮೊದಲು ಮತ್ತೆ ಬರುವುದು ತಪ್ಪುತ್ತದೆ. ಹಾಲ್ಟ್ ಬಸ್ ಕೈಬಿಟ್ಟರೆ ಶಾಲೆ ಕಾಲೇಜಿನ ಮಕ್ಕಳ ಬೆಳಗಿನ ಬಸ್ಸೂ ಹೋದಂತೆ. ಊರಿನವರು ಮೊದಲು ಕಾಪಾಡಿಕೊಳ್ಳಬೇಕಾದದ್ದು ಅದನ್ನೇ.

ರಸ್ತೆಯೂ ಖರ್ಚು ಏರಿಸುತ್ತದೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಉದ್ದನೆಯ ಬಸ್ಸು ಒಂದೇ ಸಲಕ್ಕೆ ತಿರುಗುವುದಿಲ್ಲವಾದ್ದರಿಂದ ಅಲ್ಲಿ ಮಿನಿ ಬಸ್ಸೇ ಗತಿ. ಚಾಲಕ, ಕಂಡಕ್ಟರ್ ಸಂಬಳ ಅಷ್ಟೇ, ಸೀಟು ಮಾತ್ರ ಕಡಿಮೆ. ಹತ್ತುವಾಗ ಕೆಳಗಿನ ಗೇರಿನಲ್ಲಿ ಡೀಸೆಲ್ ಹೆಚ್ಚು ಸುಡುತ್ತದೆ. ಇಳಿಯುವಾಗಲೂ ಕೆಳಗಿನ ಗೇರಿನಲ್ಲೇ ಇಳಿದು ಇಂಜಿನ್ನಿನ ಹಿಡಿತ ಬಳಸಬೇಕು. ಬರೀ ಬ್ರೇಕ್ ಮೆಟ್ಟುತ್ತಾ ಬಂದರೆ ಗಾಲಿಯ ಬ್ರೇಕ್ ಡ್ರಮ್ ಕಾದು, ಅದನ್ನು ಒತ್ತಿ ಹಿಡಿಯುವ ಲೈನರಿಗೆ ಹಿಡಿತವೇ ಸಿಗದಂತಾಗುತ್ತದೆ. ಎಷ್ಟೇ ಜಾಗ್ರತೆಯಿಂದ ಓಡಿಸಿದರೂ ಲೈನರ್, ಕ್ಲಚ್ ಪ್ಲೇಟ್, ಟೈರುಗಳು ಬಯಲಿನ ಬಸ್ಸಿಗಿಂತ ಬೇಗ ಸವೆಯುತ್ತವೆ. ಮಳೆಗಾಲದಲ್ಲಿ ಮರ ಬಿದ್ದು ಟ್ರಿಪ್ ತಪ್ಪಿದರೂ ತೆರಿಗೆ ತಪ್ಪದು. ಅದನ್ನು ಸೀಟಿಗಿಷ್ಟೆಂದು ಮೂರು ತಿಂಗಳಿಗೊಮ್ಮೆ ಮುಂಗಡ ಕಟ್ಟಿಯಾಗಿರುತ್ತದೆ.

ಇಷ್ಟೆಲ್ಲ ಇದ್ದೂ ಒಂದು ದೊಡ್ಡ ಪ್ರಯತ್ನ ನಡೆಯಿತು. ಖಾಸಗಿ ಕಂಪನಿಯ ಕೆಲಸ ಬಿಕ್ಕಟ್ಟಿಗೆ ಸಿಕ್ಕಾಗ ಕಾರ್ಮಿಕರೇ ಸಂಘ ಕಟ್ಟಿ 1991ರಲ್ಲಿ ಕೊಪ್ಪದಲ್ಲಿ ಸಹಕಾರ ಸಾರಿಗೆ ಆರಂಭಿಸಿದರು. ಓಡಿಸುವವರೇ ಒಡೆಯರಾದ ಈ ಸಂಸ್ಥೆ ಕೆಲವೇ ಬಸ್ಸುಗಳಿಂದ ಬೆಳೆದು, ಬೇರೆಯವರು ಹೋಗದ ಊರುಗಳನ್ನು ಮುಟ್ಟಿತು, ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಕೊಟ್ಟಿತು. ನಿಗಮಕ್ಕೆ ಪಾಸಿನ ನಷ್ಟದಲ್ಲಿ ಸರ್ಕಾರದ ನೆರವಿದೆ, ಇವರ ಪಾಸಿಗೆ ಟಿಕೆಟ್ಟಿನ ಹಣವೇ ಆಧಾರವಾಗಿತ್ತು. 2014ರ ಅಕ್ಟೋಬರಿನಲ್ಲಿ ಡೀಸೆಲ್ ದರದ ಮೇಲಿನ ಸರ್ಕಾರದ ಹಿಡಿತ ಹೋಗಿ ಅದು ಪೂರ್ತಿ ಮಾರುಕಟ್ಟೆಗೆ ಬಿಟ್ಟಂತಾಯಿತು. ವಿಮೆ, ಬಿಡಿಭಾಗ, ತೆರಿಗೆಯ ಹೊರೆಯೂ ಸೇರಿ 2020ರ ಫೆಬ್ರುವರಿಯಲ್ಲಿ ಬಸ್ಸುಗಳು ನಿಂತವು. ಅಷ್ಟು ಊರುಗಳ ಜೀವನಾಡಿಯನ್ನು ಉಳಿಸಿಕೊಳ್ಳದೆ ಹೋದದ್ದು ನಾಡಿಗೇ ಆದ ನಷ್ಟ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಮಹಿಳೆಯರ ಉಚಿತ ಪ್ರಯಾಣ ನಿಗಮದ ಬಸ್ಸುಗಳಿಗೆ ಮಾತ್ರ. ಖಾಸಗಿ ಬಸ್ಸೊಂದೇ ಇರುವ ಹಳ್ಳಿಯ ಹೆಂಗಸರು ಇಂದಿಗೂ ದುಡ್ಡು ಕೊಡುತ್ತಾರೆ. ಎರಡೂ ಓಡುವ ಮುಖ್ಯರಸ್ತೆಯಲ್ಲಿ ಖಾಸಗಿ ಬಸ್ಸಿನ ಕಲೆಕ್ಷನ್ ಇಳಿಯುತ್ತದೆ, ಒಳದಾರಿಯ ನಷ್ಟ ತುಂಬುತ್ತಿದ್ದದ್ದು ಆ ಹಣವೇ.

ಈಗಿನ 1988ರ ಕಾಯ್ದೆಯಲ್ಲೂ ಪರ್ಮಿಟ್ಟಿಗೆ ಐದು ವರ್ಷದ ಅವಧಿ. ಯಾವ ಮಾರ್ಗ, ಯಾವ ವೇಳೆ ಎಂಬುದು ಪರ್ಮಿಟ್ಟಿನ ಷರತ್ತೇ. ಹೀಗಾಗಿ ಟ್ರಿಪ್ ನಿಂತಾಗ ಕಂಡಕ್ಟರ್ ಜೊತೆ ಜಗಳವಾಡಿ ಪ್ರಯೋಜನವಿಲ್ಲ. ಆರ್‌ಟಿಒ ಕಚೇರಿಯಿಂದ ವೇಳಾಪಟ್ಟಿಯ ನಕಲು ಪಡೆದು, ತಪ್ಪಿದ ದಿನ, ವೇಳೆ, ಬಸ್ಸಿನ ನಂಬರ್ ಬರೆದು, ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ದೂರು ಕೊಡಬೇಕು. ಖಾಸಗಿಯವರು ಪೂರ್ತಿ ಬಿಟ್ಟುಹೋದ ದಾರಿಗೆ ನಿಗಮದ ಬಸ್ಸು ಕೇಳುವುದಾದರೆ ಡಿಪೊ ಮ್ಯಾನೇಜರಿಗೆ ಕೊಡುವ ಅರ್ಜಿಯಲ್ಲಿ ಪಾಸಿನ ಮಕ್ಕಳೆಷ್ಟು, ಬಸ್ಸು ತಿರುಗಿಸಲು ಜಾಗವೆಲ್ಲಿ, ರಾತ್ರಿ ಸಿಬ್ಬಂದಿ ಮಲಗಲು ವ್ಯವಸ್ಥೆಯೇನು ಎಂಬ ಮೂರೂ ಇರಲಿ.