ಕರಿಕಲ್ಲು ಎಷ್ಟು ಆಳದಿಂದ ಬಂತು?

ಮೈಸೂರು, ಶ್ರೀರಂಗಪಟ್ಟಣಗಳ ಸುತ್ತ ಬೂದುಬಣ್ಣದ ನೈಸ್ (ಶಾಖ, ಒತ್ತಡಗಳಿಂದ ಮಾರ್ಪಟ್ಟ ಪಟ್ಟೆಗಲ್ಲು) ಬಂಡೆಗಳನ್ನು ಸೀಳಿಕೊಂಡು ಸಾಗುವ ಕಪ್ಪು ಪಟ್ಟಿಗಳನ್ನು ಕಲ್ಲುಕುಟಿಗರು ಕರಿಕಲ್ಲು ಎನ್ನುತ್ತಾರೆ. ವ್ಯಾಪಾರಿಗಳ ಬಾಯಲ್ಲಿ ಇಂಥ ಕಲ್ಲು ‘ಬ್ಲ್ಯಾಕ್ ಗ್ರಾನೈಟ್’ ಆದರೂ ಅದು ಗ್ರಾನೈಟ್ ಅಲ್ಲ, ಡಾಲರೈಟ್. ಬಸಾಲ್ಟ್ ಎಂಬ ಲಾವಾಕಲ್ಲಿನ ಅದೇ ಶಿಲಾರಸ ನೆಲದ ಮೇಲೆ ಉಕ್ಕದೆ ಬಿರುಕಿನಲ್ಲೇ ಹೆಪ್ಪುಗಟ್ಟಿದಾಗ ಆಗುವ ಕಲ್ಲು. ಹೊರಗೆ ತುಕ್ಕಿನ ಬಣ್ಣದ ಸಿಪ್ಪೆಯಿರುತ್ತದೆ. ಸುತ್ತಿಗೆಯಿಂದ ಒಡೆದು ಒಳಮೈಯನ್ನು ಬಿಸಿಲಿಗೆ ಹಿಡಿದರೆ ಕಪ್ಪಿನ ನಡುವೆ ಫೆಲ್ಡ್‌ಸ್ಪಾರಿನ ಸಣ್ಣ ಕಡ್ಡಿಗಳು ಮಿನುಗುತ್ತವೆ.

ಈ ಸೀಮೆಯ ಕಲ್ಲುಗಳ ವ್ಯವಸ್ಥಿತ ಸಮೀಕ್ಷೆಗೆ ಮೈಸೂರು ಸಂಸ್ಥಾನ 1894ರಲ್ಲಿ ಭೂವಿಜ್ಞಾನ ಇಲಾಖೆಯನ್ನು ತೆರೆದು ರಾಬರ್ಟ್ ಬ್ರೂಸ್ ಫೂಟ್ ಅವರನ್ನು ಕರೆಸಿಕೊಂಡಿತು. ಅವರ ನಂತರ ಬಂದ ಸ್ಮೀತ್ ಅವರು ಧಾರವಾಡದ ಶಿಸ್ಟ್ (ಹಾಳೆಹಾಳೆಯಾಗಿ ಸೀಳುವ) ಶಿಲೆಗಳು ಬಹುಪಾಲು ಅಗ್ನಿಜನ್ಯ, ಅಂದರೆ ಶಿಲಾರಸದಿಂದ ಆದವೆಂದೇ ವಾದಿಸಿದರು. ಅವುಗಳಲ್ಲಿ ನೀರಿನಲ್ಲಿ ಸಂಚಯವಾದವೂ ಸಾಕಷ್ಟಿವೆಯೆಂಬ ತಿದ್ದುಪಡಿ ಅದೇ ಇಲಾಖೆಯ ಬಿ. ರಾಮರಾವ್ ಅವರ ಕಾಲಕ್ಕೆ ನೆಲೆಗೊಂಡಿತು. ಸೂಕ್ಷ್ಮದರ್ಶಕವೂ ಸಿಲಿಕಾ, ಮೆಗ್ನೀಷಿಯಾಗಳ ಲೆಕ್ಕವೂ ಕಲ್ಲು ಒಮ್ಮೆ ಕರಗಿತ್ತೇ ಎಂಬುದನ್ನು ಹೇಳಬಲ್ಲವಾಗಿದ್ದವು. ಯಾವುದು ಕರಗಿ ಅದಾಯಿತು, ಎಲ್ಲಿ ಕರಗಿತು ಎಂಬುದಕ್ಕೆ ಅವು ಸಾಲುತ್ತಿರಲಿಲ್ಲ.

ಆ ದಾರಿ ತೆರೆದದ್ದು ಅತ್ಯಲ್ಪ ಪ್ರಮಾಣದ ಧಾತುಗಳ ಅಳತೆ. ಫಿಲ್ಟರಿನಿಂದ ಇಳಿಯುವ ಮೊದಲ ಡಿಕಾಕ್ಷನ್ನಿನಲ್ಲೇ ಪುಡಿಯ ಸತ್ವ ಹೆಚ್ಚುಪಾಲು ಬಂದುಬಿಡುವಂತೆ, ಮ್ಯಾಂಟಲ್ (ಭೂಮಿಯ ಹೊರಚಿಪ್ಪಿನ ಕೆಳಗಿನ ದಪ್ಪ ಪದರ) ಶಿಲೆ ನೂರಕ್ಕೆ ಕೆಲವೇ ಪಾಲು ಕರಗಿದರೂ ರುಬಿಡಿಯಂ, ಬೇರಿಯಂ, ಥೋರಿಯಂಗಳು ಆ ರಸಕ್ಕೆ ಸೇರಿಹೋಗುತ್ತವೆ. ಉಳಿದ ಶಿಲೆ ಚರಟದಂತೆ ಬಡವಾಗುತ್ತದೆ. ಇಟರ್ಬಿಯಂನ ನಡತೆ ಬೇರೆ. ಸುಮಾರು 80 ಕಿಲೋಮೀಟರಿಗಿಂತ ಆಳದಲ್ಲಿ ಗಾರ್ನೆಟ್ ಎಂಬ ಖನಿಜ ಇರುವುದರಿಂದ ಅದು ಇಟರ್ಬಿಯಂ ಅನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ರಸಕ್ಕೆ ಸುಲಭವಾಗಿ ಸೇರುವ ಲ್ಯಾಂಥನಂ ಹೆಚ್ಚಿದ್ದು ಇಟರ್ಬಿಯಂ ತೀರ ಕಡಿಮೆಯಿರುವ ಕಲ್ಲು ಆ ಆಳದ ಸುಳಿವು ಕೊಡುತ್ತದೆ.

ಒಂದೇ ಧಾತುವಿನ ಬೇರೆಬೇರೆ ತೂಕದ ರೂಪಗಳಾದ ಐಸೊಟೋಪುಗಳದು ಇನ್ನೂ ಹಳೆಯ ನೆನಪು. ರುಬಿಡಿಯಂ-87 ಅರ್ಧದಷ್ಟು ಕ್ಷಯಿಸಿ ಸ್ಟ್ರಾನ್ಷಿಯಂ-87 ಆಗಲು ಸುಮಾರು 4,900 ಕೋಟಿ ವರ್ಷ ಬೇಕು. ಕರಗುವಿಕೆಯಿಂದ ಸ್ಟ್ರಾನ್ಷಿಯಂ ಐಸೊಟೋಪುಗಳ ಅನುಪಾತ ಬದಲಾಗುವುದಿಲ್ಲ, ಹಾಗಾಗಿ ರಸದಲ್ಲಿ ಮೂಲಶಿಲೆಯ ಅನುಪಾತವೇ ಉಳಿಯುತ್ತದೆ. 1964ರಲ್ಲಿ ಪಾಲ್ ಗ್ಯಾಸ್ಟ್ ಮತ್ತು ಸಂಗಡಿಗರು ಅಟ್ಲಾಂಟಿಕ್ಕಿನ ಅಸೆನ್ಷನ್, ಗಫ್ ದ್ವೀಪಗಳ ಲಾವಾದಲ್ಲಿ ಸೀಸ, ಸ್ಟ್ರಾನ್ಷಿಯಂಗಳ ಅನುಪಾತ ಬೇರೆಬೇರೆ ಎಂದು ತೋರಿಸಿದಾಗ, ಮ್ಯಾಂಟಲ್ ಎಲ್ಲೆಡೆ ಒಂದೇ ಹದದ ಹಿಟ್ಟಲ್ಲವೆಂಬುದು ಖಚಿತವಾಯಿತು. 1971ರಲ್ಲಿ ಜೇಸನ್ ಮಾರ್ಗನ್ ಆಳದಿಂದೇಳುವ ಬಿಸಿಶಿಲೆಯ ಕಂಬಗಳನ್ನು ಸೂಚಿಸಿದರು. 1982ರಲ್ಲಿ ಹಾಫ್‌ಮನ್ ಮತ್ತು ವೈಟ್, ಮುಳುಗಿಹೋದ ಹಳೆಯ ಸಾಗರತಳವೇ ಆ ಕಂಬಗಳಲ್ಲಿ ಮರಳಿ ಬರುತ್ತದೆಂದರು. ನನಗಂತೂ ಇದೇ ಈ ಚರಿತ್ರೆಯ ಅತ್ಯಂತ ದಿಟ್ಟ ಹೆಜ್ಜೆ.

ನಮ್ಮ ಕರಿಕಲ್ಲಿಗೆ ಇದನ್ನೆಲ್ಲ ಅನ್ವಯಿಸುವುದು ಸುಲಭವಲ್ಲ. ಈ ಸೀಮೆಯ ಪ್ರಾಚೀನ ಶಿಲಾನೆಲೆಯಾದ ಧಾರವಾಡ ಭೂಖಂಡದ ಒಂದು ದೊಡ್ಡ ಡೈಕ್ (ಬಿರುಕು ತುಂಬಿದ ಇಂಥ ಕಪ್ಪು ಪಟ್ಟಿ) ಗುಂಪಿಗೆ ಸುಮಾರು 237 ಕೋಟಿ ವರ್ಷ. ಹಳೆಯ ನೈಸನ್ನು ಸೀಳಿ ಬರುವಾಗ ಶಿಲಾರಸ ಅದನ್ನೇ ಒಂದಿಷ್ಟು ಕರಗಿಸಿಕೊಂಡಿದ್ದರೆ ಮ್ಯಾಂಟಲಿನ ಗುರುತು ಮಸುಕಾಗುತ್ತದೆ. ಮೇಲಾಗಿ ರುಬಿಡಿಯಂ, ಸ್ಟ್ರಾನ್ಷಿಯಂಗಳು ಮಳೆನೀರಿನ ಜೊತೆ ಸರಿದಾಡುತ್ತವೆ. ಆದ್ದರಿಂದ ಹಾಗೆ ಅಷ್ಟಾಗಿ ಕದಲದ ನಿಯೋಡಿಮಿಯಂ ಎಂಬ ಧಾತುವಿನ ಐಸೊಟೋಪುಗಳ ಮೇಲೆ ಪ್ರಯೋಗಾಲಯದಲ್ಲಿ ಹೆಚ್ಚು ಭರವಸೆ ಇಡುತ್ತಾರೆ, ಮತ್ತು ಕಲ್ಲನ್ನು ಪುಡಿಮಾಡುವ ಮೊದಲು ಆ ತುಕ್ಕುಬಣ್ಣದ ಸಿಪ್ಪೆಯನ್ನು ಪೂರ್ತಿ ಕೆತ್ತಿ ತೆಗೆಯುತ್ತಾರೆ.